ಅಪ್ಪನಿಗಿಂತ ಮುಂದೆ ಹೋದ ಫೋಟೋ

ಶನಿವಾರ ನಮ್ಮ ಶಾಲೆ ಮುಂಜಾನೆಯದು. ಎರಡನೆಯ ತರಗತಿಯವರಿಗೆ ಮಗ್ಗಿ ಹೇಳಿಸುತ್ತಿದ್ದೆ. ಮೇಜಿನ ಮೇಲಿಟ್ಟ ಫೋನು ಒಂದೇ ಸಮನೆ ನಡುಗತೊಡಗಿತು. ಪಾಲಕರ ಗ್ರೂಪು. ಅದರಲ್ಲಿ ಬರುವುದು ಶುಭೋದಯ, ಗುಲಾಬಿ ಹೂವು, ಇಲ್ಲವೆ ಯಾರದೋ ಎಮ್ಮೆ ತಪ್ಪಿಸಿಕೊಂಡ ಸುದ್ದಿ. ಪಾಠದ ನಡುವೆ ನಾನು ಫೋನು ಮುಟ್ಟುವವಳಲ್ಲ, ಮುಟ್ಟುವ ಮಾಸ್ತರರನ್ನು ಕಂಡರೆ ನನಗೆ ಆಗಿಬರುವುದೂ ಇಲ್ಲ. ಆದರೆ ಅವತ್ತು ಅದು ಮೇಜಿನ ಅಂಚಿನವರೆಗೆ ಸರಿದು ಇನ್ನೇನು ಬೀಳುವುದರಲ್ಲಿತ್ತು, ಎತ್ತಿಕೊಂಡೆ.

ಒಂದು ಫೋಟೋ ಬಂದಿತ್ತು. ಹಾಲಿನ ಡೇರಿಯ ನೀಲಿ ಗೋಡೆ, ಅದರ ಮುಂದೆ ಒಂದು ಹಳೆಯ ಮೊಪೆಡ್. ತಲೆಗೆ ರುಮಾಲು ಸುತ್ತಿದ ಮುದುಕನೊಬ್ಬ ದೊಡ್ಡ ಚೀಲದ ಬಾಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದಿದ್ದಾನೆ. ಆರೇಳು ವರ್ಷದ ಹುಡುಗಿಯೊಬ್ಬಳು ಅದರೊಳಗೆ ಬಾಗಿದ್ದಾಳೆ. ಅವಳ ಒಂದು ಹೆಗಲು ಆಗಲೇ ಒಳಗಿದೆ, ಮುಖ ಅರ್ಧ ಮಾತ್ರ ಕಾಣುತ್ತದೆ. ಕೆಳಗೆ ಬರೆದಿತ್ತು: ಮಕ್ಕಳ ಕಳ್ಳರು ನಮ್ಮ ಭಾಗಕ್ಕೆ ಬಂದಿದ್ದಾರೆ, ಫುಗ್ಗಾ ತೋರಿಸಿ ಕರೆದು ಚೀಲಕ್ಕೆ ಹಾಕಿಕೊಳ್ಳುತ್ತಾರೆ, ಈತ ಕಂಡರೆ ಬಿಡಬೇಡಿ, ಎಲ್ಲ ಗ್ರೂಪಿಗೂ ಕಳಿಸಿ.

ಆ ಮುದುಕ ನಗುತ್ತಿದ್ದ. ಮುಂದಿನ ಹಲ್ಲು ಬಿದ್ದ ಬಾಯಿ. ಆ ನಗುವನ್ನೂ ಕೆಳಗಿನ ಬರಹವನ್ನೂ ಒಟ್ಟಿಗೆ ಓದಿದಾಗ ನನಗೂ ಮೈ ಜುಮ್ಮೆಂದಿತು. ಗುರುತು ಹತ್ತುವ ಮೊದಲು ಒಂದು ಗಳಿಗೆ ನಾನೂ ಅವನಿಗೆ ಹೆದರಿದೆ. ಆಮೇಲೆ ತಿಳಿಯಿತು, ಅವನು ನಮ್ಮಪ್ಪ.

ನಮ್ಮದು ಮಿಶ್ರಿಕೋಟಿ. ಅಜ್ಜನ ಕಾಲಕ್ಕೆ ಮನೆಯಲ್ಲಿ ಕುರಿ ಹಿಂಡಿತ್ತು. ಮೇಯಿಸುವ ಜಾಗ ಕಡಿಮೆಯಾಗುತ್ತ ಬಂದಂತೆ ಅಪ್ಪ ಕುರಿ ಮಾರಿ, ಮೊಪೆಡ್ ಕೊಂಡು, ಕೂದಲ ವ್ಯಾಪಾರಕ್ಕೆ ಇಳಿದ. ಹೆಣ್ಣುಮಕ್ಕಳು ತಲೆ ಬಾಚಿಕೊಂಡಾಗ ಬರುವ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿ ಇಟ್ಟಿರುತ್ತಾರಲ್ಲ, ಅದನ್ನು ಕೊಳ್ಳುವ ಕೆಲಸ. ಬದಲಿಗೆ ಸ್ಟೀಲಿನ ಬಟ್ಟಲು, ತಲೆಪಿನ್ನು, ಬಳೆ ಕೊಡುತ್ತಾನೆ. ತಂದುಕೊಟ್ಟ ಮಕ್ಕಳಿಗೆ ಒಂದು ಫುಗ್ಗಾ. ಬಲೂನಿಗೆ ನಮ್ಮ ಕಡೆ ಹಾಗೆ ಅನ್ನುತ್ತೇವೆ. ಇಷ್ಟು ಕೂದಲು ಎಲ್ಲಿಗೆ ಹೋಗುತ್ತದೆ ಎಂದು ಸಣ್ಣವಳಿದ್ದಾಗ ಕೇಳಿದರೆ, “ಬಕ್ಕ ತಲಿ ಶ್ರೀಮಂತರಿಗೆ” ಎನ್ನುತ್ತಿದ್ದ. ಮಂಗಳವಾರ, ಶುಕ್ರವಾರ ಅವನಿಗೆ ಸೂಟಿ. ಅವತ್ತು ಹೆಂಗಸರು ತಲೆಗೆ ಎರೆದುಕೊಳ್ಳುತ್ತಾರೆ, ಮನೆಯಿಂದ ಕೂದಲು ಹೊರಗೆ ಕೊಡುವುದಿಲ್ಲ. ಮರುದಿನ, ಬುಧವಾರ ಮತ್ತು ಶನಿವಾರ, ಅವನಿಗೆ ಸುಗ್ಗಿ.

ಕೂದಲು ಕೊಡುವುದಕ್ಕೆ ಒಂದು ರೀತಿ ಇದೆ. ಕೊಳ್ಳುವವನ ಕೈಗೆ ಅದನ್ನು ಕೊಡುವುದಿಲ್ಲ. ಕೊಟ್ಟರೆ ಅದರಿಂದ ಯಾರಾದರೂ ಮಾಟ ಮಾಡಿಸಿಯಾರೆಂಬ ಹೆದರಿಕೆ. ಕೊಡುವವರೇ ಚೀಲದೊಳಗೆ ಕೈ ಹಾಕಿ, ತಮ್ಮ ಉಂಡೆಯನ್ನು ಒಳಗಿನ ಕೂದಲಲ್ಲಿ ಬೆರೆಸಿಬಿಡಬೇಕು. ಊರೂರಿನ ಹೆಣ್ಣುಮಕ್ಕಳ ಕೂದಲಲ್ಲಿ ಒಮ್ಮೆ ಕಲೆತುಹೋಯಿತೆಂದರೆ ಇದು ಇಂಥವಳದು ಎಂದು ಯಾರೂ ಆರಿಸಲಾರರು, ಅಲ್ಲಿಗೆ ಹೆದರಿಕೆ ಮುಗಿಯಿತು. ಮಕ್ಕಳ ಕೈಲಿ ಕಳಿಸುವಾಗ ತಾಯಂದಿರು ಹೇಳಿಯೇ ಕಳಿಸುತ್ತಾರೆ: “ತಳದತನಾ ಕೈ ಹಾಕಿ ಕಲಸಿ ಬಾ.” ಸಣ್ಣ ಕೂಸಿನ ಕೈ ತಳ ಮುಟ್ಟಬೇಕಾದರೆ ತಲೆ, ಹೆಗಲು ಒಳಗೆ ಇಳಿಯಲೇಬೇಕು. ಅಪ್ಪ ಚೀಲದ ಬಾಯನ್ನು ಎರಡೂ ಕೈಯಿಂದ ಹಿಡಿದು ನಿಲ್ಲುವುದು, ತಾನು ಆ ಕೂದಲನ್ನು ಮುಟ್ಟುತ್ತಿಲ್ಲ ಎಂಬುದು ಎಲ್ಲರಿಗೂ ಕಾಣಲಿ ಎಂದು. ಇಷ್ಟು ವರ್ಷ ಹೆಂಗಸರ ನಂಬಿಕೆ ಉಳಿಸಿದ್ದ ರೀತಿಯೇ ಆ ಫೋಟೋದಲ್ಲಿ ಅವನ ಕುತ್ತಿಗೆಗೆ ಬಂದಿತ್ತು.

ಗ್ರೂಪಿನಲ್ಲಿ ಒಬ್ಬರು ಕೈಮುಗಿದಿದ್ದರು, ಒಬ್ಬರು ದೇವರ ಹೆಸರು ಬರೆದಿದ್ದರು. ನನ್ನ ತರಗತಿಯ ಹುಡುಗಿಯ ತಂದೆ, ಪ್ರತಿ ಸಭೆಯಲ್ಲೂ ತಲೆ ತಗ್ಗಿಸಿ ಕೂತು ಹೋಗುವ ಸಂಭಾವಿತ, “ಸಿಕ್ಕರ ಕೈಕಾಲು ಮುರೀಬೇಕು” ಎಂದು ಬರೆದಿದ್ದ. ನಾನು ಬರೆದೆ: ಇವರು ನಮ್ಮ ತಂದೆ, ಕೂದಲು ವ್ಯಾಪಾರ ಮಾಡುತ್ತಾರೆ, ದಯವಿಟ್ಟು ಅಳಿಸಿರಿ. ಆಮೇಲೆ ಒಬ್ಬ ತಾಯಿ ಕೇಳಿದಳು, “ಟೀಚರ್, ನಿಮ್ಮ ಫೋನ್ ಯಾರರೆ ಹ್ಯಾಕ್ ಮಾಡ್ಯಾರೇನ್ರಿ?”

ಫೋಟೋ ಹಾಕಿದವರು ಅಳಿಸಿದರು, ಪಾಪ, ಕ್ಷಮೆಯನ್ನೂ ಕೇಳಿದರು. ಅವರಿಗೆ ಅದು ಭಾವನ ಗ್ರೂಪಿನಿಂದ ಬಂದಿತ್ತಂತೆ. ಭಾವನಿಗೆ ಇನ್ನೆಲ್ಲಿಂದಲೋ. ನಾನು ಅಳಿಸಿ ಎಂದು ಬೇಡಿಕೊಳ್ಳಬಹುದಾದದ್ದು ಒಂದು ಬಾಗಿಲಿಗೆ, ಅದು ನೂರು ಬಾಗಿಲು ದಾಟಿ ಬಂದಿತ್ತು.

ಅಪ್ಪನಿಗೆ ಫೋನು ಹಚ್ಚಿದೆ. ಎತ್ತಿದವಳು ಅವ್ವ. ರಾತ್ರಿ ಕರೆಂಟು ಇರಲಿಲ್ಲ, ಚಾರ್ಜಿಗೆ ಇಟ್ಟು ಹಾಗೇ ಹೋಗಿದ್ದಾನೆ ಎಂದಳು. ಅವನ ಫೋನು ಗುಂಡಿ ಒತ್ತುವಂಥದು, ಅದರಲ್ಲಿ ಫೋಟೋ ಬರುವುದಿಲ್ಲ. ತನ್ನ ಮುಖ ಊರೂರು ತಿರುಗುತ್ತಿದೆ ಎಂದು ಜಗತ್ತಿನಲ್ಲಿ ಗೊತ್ತಿಲ್ಲದವನು ಅವನೊಬ್ಬನೇ.

“ಎಲ್ಲಿ ಹೋಗ್ಯಾನವಾ?” ಎಂದೆ.

“ಅಡವಿ ಬಾಜೂ ಹಳ್ಳಿಗೆ. ಯಾಕ, ದನಿ ಹಂಗ್ಯಾಕ ಆಗೇತಿ?”

“ಏನಿಲ್ಲ, ನೆಗಡಿ” ಎಂದೆ. ಅವ್ವನ ಹಿಂದೆ ನನ್ನ ನಾಲ್ಕು ವರ್ಷದ ಮಗಳ ಹಾಡು ಕೇಳುತ್ತಿತ್ತು. ನಾನು ಅದೇ ಊರಿಗೆ ಮದುವೆಯಾದವಳು, ಶಾಲೆಗೆ ಬರುವಾಗ ಮಗಳನ್ನು ಅವ್ವನ ಹತ್ತಿರ ಬಿಟ್ಟು ಬರುತ್ತೇನೆ. ಅವ್ವನಿಗೆ ಹೇಳಿದರೆ ಅಲ್ಲೇ ಕುಸಿಯುತ್ತಾಳೆಂದು ಹೇಳಲಿಲ್ಲ. ಗಂಡ ಹುಬ್ಬಳ್ಳಿಯಲ್ಲಿ ಕೆಲಸದ ಮೇಲಿದ್ದರು, ಅವರಿಗೆ ತಿಳಿಸಿದೆ, ಹೊರಟೆ ಎಂದರು. ಪೊಲೀಸರಿಗೆ ಫೋನು ಮಾಡಿದೆ. ಆ ಕಡೆಯ ಮನುಷ್ಯ ಒಳ್ಳೆಯವನೇ: “ಎಲ್ಲಿ ಅದಾರ ಹೇಳ್ರಿ, ಗಾಡಿ ಕಳಸ್ತೇವಿ.” ಅದೇ ನನಗೆ ಗೊತ್ತಿರಲಿಲ್ಲ.

ಹೆಡ್ ಮಾಸ್ತರರು ಫೋಟೋ ನೋಡಿ, ನನ್ನನ್ನು ನೋಡಿ, “ಹೋಗ್ರಿ. ಆದ್ರ ಮಂದಿ ಮುಂದ ಒಬ್ಬಾಕೇ ಹೋಗಿ ನಿಂದರಬ್ಯಾಡ್ರಿ” ಎಂದರು. ಯಾರನ್ನು ಕರೆದುಕೊಂಡು ಹೋಗಲಿ? ಸ್ಕೂಟಿ ಹತ್ತಿದಾಗ ನೀಲಿ ಗೋಡೆಯ ನೆನಪಾಯಿತು. ನಮ್ಮ ಶಾಲೆಯಿಂದ ಎರಡು ಊರಾಚೆ ಬಸ್ ನಿಲ್ದಾಣದ ಎದುರಿಗೆ ಅಂಥದೊಂದು ಡೇರಿ ಇದೆ. ಆ ಹುಡುಗಿಯ ಮನೆಯವರಿಗಾದರೂ ನಿಜ ಗೊತ್ತಿರಬೇಕಲ್ಲ ಎಂದು ಅತ್ತ ಹೋದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಊರಿಗೆ ಊರೇ ಆ ಮನೆಯ ಸುದ್ದಿಯಲ್ಲಿತ್ತು. ಹುಡುಗಿಯ ತಾಯಿ ಬಾಗಿಲಿಗೆ ಚಿಲಕ ಹಾಕಿಕೊಂಡು ಹೊಸ್ತಿಲ ಹೊರಗೆ ಕೂತಿದ್ದಳು. ನನಗಿಂತ ಚಿಕ್ಕವಳು, ಕಣ್ಣು ಕೆಂಪಗಾಗಿತ್ತು. ನಾನು ಯಾರೆಂದು ಹೇಳಿದೆ.

“ನಿಮ್ಮಪ್ಪಗ ಏನೂ ಅನ್ನೂದಿಲ್ರಿ ನಾ,” ಎಂದಳು. “ಆ ಕಾಕಾಗ ಕೂದ್ಲಾ ಕೊಡಾಕ ನಾನ ಕಳಿಸಿದ್ದೆ ಆಕೀನ. ಬುಧವಾರ. ಮುಂಜಾನಿಂದ ಫೋನ್ ಬರಾಕತ್ತಾವು, ಹುಡುಗಿ ಸಿಕ್ಳೇನು, ಹುಡುಗಿ ಸಿಕ್ಳೇನು ಅಂತ. ಎಲ್ಲಿಗೆ ಹೋಗ್ಯಾಳರಿ ಆಕಿ? ಒಳಗ ರೊಟ್ಟಿ ತಿನ್ನಾಕತ್ತಾಳ.”

“ಫೋಟೋ ತಗದಾವ ಯಾರು?”

“ಯಾರಿಗ್ಗೊತ್ರಿ. ಎದರಿಗೆ ಬಸ್ ಸ್ಟ್ಯಾಂಡ್ ಐತಿ, ಬಸ್ಸಿಗೆ ನಿಂತಾವ ಯಾರೋ ತಗದಿರಬೇಕು. ಬಸ್ ಬಂತು, ಹೋದ.”

ಕೇಳಿದ್ದರೆ ಹೇಳುತ್ತಿದ್ದರು. ಡೇರಿಯ ಮುಂದೆ ಯಾವಾಗಲೂ ಜನ ಇರುತ್ತಾರೆ, ‘ಇದೇನ್ರಿ?’ ಎಂಬ ಒಂದೇ ಮಾತು ಸಾಕಿತ್ತು. ಆ ಮನುಷ್ಯನಿಗೆ ಕೇಳುವ ಅಗತ್ಯ ಕಾಣಲಿಲ್ಲ, ಫೋಟೋ ತೆಗೆಯುವುದಿತ್ತು. ಕೆಳಗಿನ ಸುಳ್ಳನ್ನು ಬರೆದವನು ಅವನೇ ಇರಲಿಕ್ಕಿಲ್ಲ, ಮುಂದಿನವನು ಇರಬಹುದು, ಅದರ ಮುಂದಿನವನಿರಬಹುದು. ಯಾರನ್ನು ಬೈಯಬೇಕೆಂದು ತಿಳಿಯದ ಸಿಟ್ಟು ನನಗೆ ಈಗಲೂ ಇದೆ.

ನನ್ನ ಜೊತೆ ಬರಲು ಬೇಡಿಕೊಂಡೆ. ಅವಳು ಎದ್ದು ಅತ್ತೆಯನ್ನು ಕರೆದು ಮಗಳನ್ನು ಒಪ್ಪಿಸಿದಳು. ಮಗಳನ್ನೂ ಕರೆದುಕೊಂಡರೆ ಒಳ್ಳೆಯದಾಗುತ್ತಿತ್ತೇನೋ ಎಂದೆ.

“ಆಕೀನ ತರೂದಿಲ್ರಿ. ಆಕಿ ಮಾರಿ ಮಂದಿಗೆ ಕಂಡಷ್ಟು ಸಾಕು,” ಎಂದವಳೇ ಸ್ಕೂಟಿಯ ಹಿಂದೆ ಕೂತಳು.

ದೀಪಾವಳಿ ಮುಗಿದ ಹೊಸತು. ದುಮ್ಮವಾಡದ ಕಡೆಯಿಂದ ಅಡವಿಯ ಹಳ್ಳಿಗಳಿಗೆ ಹೋಗುವ ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಹಾಕಿದ್ದರು, ಉಳಿದರ್ಧದಲ್ಲಿ ನಾನು ಸ್ಕೂಟಿ ಓಡಿಸುತ್ತಿದ್ದೆ. ಮೊದಲ ಊರಿನ ಚಹಾದಂಗಡಿಯಲ್ಲಿ ನಿಲ್ಲಿಸಿ ಕೇಳಿದೆ: “ಮೊಪೆಡ್ ಮ್ಯಾಲೆ ಕೂದ್ಲಾ ಕೊಳ್ಳಾವ ಬಂದಿದ್ನೇನ್ರಿ?”

ಬೆಂಚಿನ ಮೇಲಿದ್ದ ನಾಲ್ಕೈದು ಮಂದಿ ಒಮ್ಮೆಲೇ ನನ್ನನ್ನು ನೋಡಿದರು. ಒಬ್ಬ ಫೋನು ತೆಗೆದು ಬೆರಳಾಡಿಸಿ ನನ್ನತ್ತ ಹಿಡಿದ. “ಇಂವನ ಏನ್ರಿ? ನಿಮ್ಮ ಕೂಸಿನ್ನೂ ಒಯ್ದಾನೇನು?”

ಇಲ್ಲ ಎಂದೆ. ನಮ್ಮಪ್ಪ ಎಂದೆ. ಹುಡುಗಿಯ ತಾಯಿಯೂ ಹೇಳಿದಳು. ಹೌದೇನು ಎಂದು ಅವರು ತಲೆಯಾಡಿಸಿದರು. ಆದರೆ ನಾವು ಮುಂದೆ ಹೊರಟಾಗ ಕನ್ನಡಿಯಲ್ಲಿ ಕಂಡೆ, ಒಬ್ಬ ಎದ್ದು ನಿಂತು ಯಾರಿಗೋ ಫೋನು ಹಚ್ಚುತ್ತಿದ್ದ. ಆಗ ನನಗೆ ಹೊಳೆಯಿತು. ನಾನು ಎಲ್ಲಿ ಕೇಳುತ್ತೇನೋ ಅಲ್ಲಿ ಅಪ್ಪನನ್ನು ಹುಡುಕುವವರು ಹೆಚ್ಚಾಗುತ್ತಾರೆ. ನಾನು ಒಬ್ಬಳು ಹುಡುಕುವುದರ ಬದಲು ಊರನ್ನೇ ಅವನ ಬೆನ್ನು ಹತ್ತಿಸುತ್ತಿದ್ದೆ. ನನ್ನ ಹತ್ತಿರ ಅವನ ಗುರುತು ಹೇಳಲು ಇದ್ದದ್ದು ಅದೇ ಫೋಟೋ, ಅವರ ಹತ್ತಿರವೂ ಅದೇ. ಅಲ್ಲಿಂದ ಮುಂದೆ ಯಾರನ್ನೂ ಕೇಳಲಿಲ್ಲ.

ಕೇಳದೆ ಹುಡುಕುವುದು ಹೇಗೆ? ಹುಡುಗಿಯ ತಾಯಿ ಹೇಳಿದಳು, “ಹುಡುಗರ ಕೈ ನೋಡ್ರಿ. ಕಾಕಾ ಬಂದು ಹೋದ ಓಣ್ಯಾಗ ಫುಗ್ಗಾ ಇರತಾವ.” ಮುಂದಿನ ಊರಿನಲ್ಲಿ ಕಂಡೇ ಕಂಡೆವು, ಕಟ್ಟೆಯ ಮೇಲೆ ಮೂರು ಹುಡುಗರು, ಕೈಯಲ್ಲಿ ಹಳದಿ ಫುಗ್ಗಾ, ಇನ್ನೂ ಬಿಗಿಯಾಗಿದ್ದವು. ಅಪ್ಪ ಇಲ್ಲಿಂದ ಹೋಗಿ ಬಹಳ ಹೊತ್ತಾಗಿಲ್ಲ. ನನಗೆ ಜೀವ ಬಂದಂತಾಯಿತು. ಅದರಾಚೆಯ ಊರಿನಲ್ಲೂ ಒಬ್ಬ ಹುಡುಗಿ ಒಡೆದ ಫುಗ್ಗಾದ ಚೂರನ್ನು ಬಾಯಲ್ಲಿಟ್ಟು ಚಿಕ್ಕ ಗುಳ್ಳೆ ಮಾಡುತ್ತಿದ್ದಳು. ಸ್ಕೂಟಿ ಜೋರು ಮಾಡಿದೆ.

ನಾಲ್ಕನೆಯ ಊರಿನಲ್ಲಿ ಒಂದು ಮಗುವೂ ಕಾಣಲಿಲ್ಲ.

ಆ ಊರಿನ ಹೆಸರು ನಾನು ಬರೆಯುವುದಿಲ್ಲ. ಅಲ್ಲಿ ನಮಗೆ ಬೀಗರಿದ್ದಾರೆ, ಆ ರಸ್ತೆಯಲ್ಲಿ ನಾನು ಇನ್ನೂ ಓಡಾಡಬೇಕು. ಶನಿವಾರ, ಶಾಲೆ ಬಿಟ್ಟ ಹೊತ್ತು, ಓಣಿಯಲ್ಲಿ ಹುಡುಗರು ತುಂಬಿರಬೇಕಿತ್ತು. ಒಂದು ಚೆಂಡು ಗಟಾರದ ದಂಡೆಗೆ ಬಿದ್ದಿತ್ತು, ಆಡುವವರಿಲ್ಲ. ಎಲ್ಲ ಮನೆಯ ಬಾಗಿಲೂ ಹಾಕಿದ್ದವು. ಕಿಟಕಿಯಿಂದ ಯಾರೋ ನೋಡಿ ಸರಿದರು. ಹಿಂದೆ ಕೂತವಳು ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಸುದ್ದಿ ನಮಗಿಂತ ಮೊದಲೇ ಇಲ್ಲಿಗೆ ಮುಟ್ಟಿತ್ತು.

ಹಿಟ್ಟಿನ ಗಿರಣಿಯ ಮುಂದೆ ಗದ್ದಲ ಕೇಳಿತು. ಮೂವತ್ತು ನಲವತ್ತು ಮಂದಿ ಇರಬಹುದು, ಬಹಳ ಮಂದಿ ಹರೆಯದವರು. ನಡುವೆ ನೆಲದ ಮೇಲೆ ಅಪ್ಪ ಕೂತಿದ್ದ. ತಲೆಯ ಮೇಲೆ ರುಮಾಲು ಇರಲಿಲ್ಲ. ಮನೆಯಿಂದ ಹೊರಗೆ ಅವನ ಬರಿದಲೆಯನ್ನು ನಾನು ಎಂದೂ ನೋಡಿರಲಿಲ್ಲ. ಒಬ್ಬ ಅವನ ಅಂಗಿಯ ಕೊರಳು ಹಿಡಿದಿದ್ದ. ಒಂದು ಕಿವಿ, ಆ ಕಡೆಯ ಕೆನ್ನೆ ಕೆಂಪಾಗಿದ್ದವು. ಮೊಪೆಡ್ ಅಡ್ಡ ಬಿದ್ದಿತ್ತು, ಚೀಲ ಬೋರಲು. ಅಷ್ಟೂ ಹೆಣ್ಣುಮಕ್ಕಳ ಕೂದಲು ಗಾಳಿಗೆ ಎದ್ದು ಗಿರಣಿಯ ಮೆಟ್ಟಿಲಿಗೆ, ಗಂಡಸರ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ನೋಡಿದಲ್ಲೆಲ್ಲ ಫೋನು. ಹೊಡೆಯುವ ಕೈಗಿಂತ ಫೋಟೋ ಹಿಡಿಯುವ ಕೈ ಹೆಚ್ಚಿದ್ದವು.

“ನಾ ಮಿಶ್ರಿಕೋಟಿಯಾವರಿ,” ಎನ್ನುತ್ತಿದ್ದ ಅಪ್ಪ. “ಮಿಶ್ರಿಕೋಟಿಯಾವ.” ಬೇರೆ ಮಾತೇ ಅವನಿಗೆ ಬರುತ್ತಿರಲಿಲ್ಲ.

ಅವನಿಗೆ ಆ ಊರು ಹೊಸದಲ್ಲ. ಆದರೆ ಅವನನ್ನು ಬಲ್ಲವರು ಹೆಂಗಸರು. ಹೊತ್ತೇರಿದ ಮೇಲೆ ಊರಲ್ಲಿರುವವರು ಅವರೇ, ಗಂಡಸರು ಹೊಲಕ್ಕೋ ಹುಬ್ಬಳ್ಳಿಗೋ ಹೋಗಿರುತ್ತಾರೆ. ಅವತ್ತು ಫೋಟೋ ಬಂದಿದ್ದಕ್ಕೆ ಗಂಡಸರು ಮನೆಗೆ ಓಡಿ ಬಂದಿದ್ದರು, ಹೆಂಗಸರನ್ನೂ ಮಕ್ಕಳನ್ನೂ ಒಳಗೆ ಹಾಕಿ ಚಿಲಕ ಹಾಕಿಸಿದ್ದರು. ಅವನ ಗುರುತು ಹೇಳಬಲ್ಲವರೆಲ್ಲ ಬಾಗಿಲ ಹಿಂದಿದ್ದರು.

ನಾನು ಮಂದಿಯ ನಡುವೆ ನುಗ್ಗಿದೆ. “ಬಿಡ್ರಿ. ಅವರು ನಮ್ಮಪ್ಪ” ಎಂದೆ. ಐವತ್ತು ಹುಡುಗರ ಗದ್ದಲವನ್ನು ಒಂದೇ ಕೂಗಿಗೆ ನಿಲ್ಲಿಸುವ ನನ್ನ ದನಿಗೆ ಅವತ್ತು ಯಾರೂ ನಿಲ್ಲಲಿಲ್ಲ.

“ಗ್ಯಾಂಗಿನ್ಯಾಗ ಹೆಣ್ಣಮಕ್ಕಳೂ ಇರತಾರಂತ,” ಎಂದ ಯಾರೋ ಹಿಂದಿನಿಂದ.

ಫೋನುಗಳೆಲ್ಲ ನನ್ನತ್ತ ತಿರುಗಿದವು. ಅವತ್ತು ನಾನು ಹೆದರಿದಷ್ಟು ಎಂದೂ ಹೆದರಿಲ್ಲ. ನನ್ನ ಮುಖ, ನನ್ನ ಸೀರೆ, ನನ್ನ ತೆರೆದ ಬಾಯಿ ಅವರ ಕೈಗಳಿಗೆ ಹೋಗುತ್ತಿದ್ದವು, ಅದರ ಕೆಳಗೆ ಅವರು ಏನು ಬೇಕಾದರೂ ಬರೆಯಬಹುದು. ಮುಖ ಮುಚ್ಚಿಕೊಳ್ಳಬೇಕೆನಿಸಿತು. ಮುಚ್ಚಿಕೊಂಡರೆ ಕಳ್ಳಿ ಎಂಬುದು ಖರೆಯಾಗುತ್ತದೆ ಎಂದು ಹಾಗೆಯೇ ನಿಂತೆ. ಅಪ್ಪ ನನ್ನನ್ನು ನೋಡಿದ, ಗುರುತು ಸಿಗದವನಂತೆ ಮುಖ ಆಚೆ ಮಾಡಿದ. ಮಗಳಾದರೂ ಪಾರಾಗಲಿ ಎಂದು ಹಾಗೆ ಮಾಡಿದ ಎಂಬುದು ನನಗೆ ಅಲ್ಲೇ ತಿಳಿಯಿತು.

ಆಗ ಹುಡುಗಿಯ ತಾಯಿ ಮುಂದೆ ಬಂದಳು. “ಫೋಟೋದಾಗಿನ ಹುಡುಗಿ ನನ್ನ ಮಗಳು,” ಎಂದಳು. “ಕಳದಿಲ್ಲ, ಏನಿಲ್ಲ. ಮನ್ಯಾಗ ಅದಾಳ. ಕೂದ್ಲಾ ಕೊಡಾಕ ನಾನ ಕಳಿಸಿದ್ದೆ.”

“ಹಂಗಾರ ತೋರಸ್ರಿ,” ಎಂದ ಕೊರಳು ಹಿಡಿದವನು. “ವಿಡಿಯೋ ಕಾಲ್ ಮಾಡ್ರಿ. ಎಲ್ಲಾರೂ ನೋಡ್ತೀವಿ.”

ಆಕೆ ಫೋನು ತೆಗೆದಳು, ಆದರೆ ಹಚ್ಚಲಿಲ್ಲ. ಸುತ್ತ ಎತ್ತಿ ಹಿಡಿದ ಫೋನುಗಳನ್ನು ನೋಡಿದಳು. ಅವಳಿಗೆ ಏನನ್ನಿಸುತ್ತಿದೆ ಎಂದು ನನಗೆ ಗೊತ್ತಿತ್ತು. ಅರ್ಧ ಮುಖ ಆಗಲೇ ಹೋಗಿದೆ, ಈಗ ಪೂರ್ತಿ ಮುಖ ಕೇಳುತ್ತಿದ್ದಾರೆ. ತೋರಿಸದಿದ್ದರೆ ಅಪ್ಪನ ಗತಿ ಏನು? ನನ್ನ ನಾಲಿಗೆಯ ತುದಿಗೆ ‘ತೋರಿಸವ್ವಾ’ ಎಂಬ ಮಾತು ಬಂದಿತ್ತು. ಅವಳಿಗೆ ಹಾಗನ್ನಲು ನಾನ್ಯಾರು ಎಂದು ನುಂಗಿಕೊಂಡೆ.

“ಒಬ್ಬರಿಗೆ ತೋರಸ್ತೀನಿ,” ಎಂದಳು ಕಡೆಗೆ. “ನಿಮ್ಮ ಊರಾಗಿನ ಹಿರೀ ಹೆಣ್ಣಮಗಳನ್ನ ಕರೀರಿ, ಅವರಿಗೆ ತೋರಸ್ತೀನಿ. ಉಳದವರು ಫೋನ್ ಕಿಸೇದಾಗ ಇಡ್ರಿ. ಇಡೂತನಾ ನಾ ಹಚ್ಚೂದಿಲ್ಲ.”

ಗುಜುಗುಜು ಎದ್ದಿತು. ಗಿರಣಿಯ ಎದುರು ಮನೆಯ ಬಾಗಿಲು ತೆರೆದು ಒಬ್ಬ ಮುದುಕಿ ಕೋಲೂರಿಕೊಂಡು ಹೊರಗೆ ಬಂದಳು. ಅವಳ ಮಗನೋ ಮೊಮ್ಮಗನೋ ತಡೆಯಲು ಹೋದ. ಅವಳು ಕೋಲು ಎತ್ತಿದಳು, ಅವನು ಸರಿದ.

“ಆವಾಗಿಂದ ಒಳಗಿಂದ ಒದರಾಕತ್ತೇನಿ, ಯಾರೂ ಕೇಳವಲ್ರಿ,” ಎಂದಳು. “ಇಂವಾ ಕೂದ್ಲಾದಂವಾ. ನನ್ನ ತಲಿ ಕರೇ ಇದ್ದಾಗಿಂದ ಕೊಟ್ಟೇನಿ ಇವಗ. ನಿಮ್ಮವ್ವಗೋಳೂ ಕೊಟ್ಟಾರ. ಅವೆಲ್ಲಾ ಈಗ ತುಳ್ಯಾಕತ್ತೀರಿ ನೋಡ್ರಿ.”

ಗಂಡಸರು ಕೆಳಗೆ ನೋಡಿದರು. ಯಾರ್ಯಾರ ಮನೆಯ ಕೂದಲು ಕಾಲಡಿ ಬಿದ್ದಿದೆ ಎಂಬುದು ಆಗ ಅವರಿಗೆ ಹೊಳೆದಂತೆ ಕಂಡಿತು. ಇಬ್ಬರು ಹಿಂದೆ ಸರಿದರು. ಫೋನುಗಳು ಒಂದೊಂದಾಗಿ ಕಿಸೆಗೆ ಹೋದವು, ಎಲ್ಲ ಅಲ್ಲ, ಆದರೂ ಬಹಳಷ್ಟು. ಹುಡುಗಿಯ ತಾಯಿ ಮುದುಕಿಯನ್ನು ಗೋಡೆಗೆ ನಿಲ್ಲಿಸಿ, ಸೆರಗಿನ ಮರೆಯಲ್ಲಿ ಫೋನು ಹಚ್ಚಿ ತೋರಿಸಿದಳು. ಮುದುಕಿ ಬಗ್ಗಿ ಬಹಳ ಹೊತ್ತು ನೋಡಿದಳು.

“ಅದಾಳ,” ಎಂದಳು. “ಆಕೀನ. ಬಾಯಿ ತುಂಬ ರೊಟ್ಟಿ ಐತಿ.”

ಕೊರಳು ಹಿಡಿದವನ ಕೈ ಸಡಿಲವಾಯಿತು. ಯಾರೋ ಮೊಪೆಡ್ ಎತ್ತಿ ನಿಲ್ಲಿಸಿದರು. ಇನ್ಯಾರೋ ನೀರು ತಂದರು, ಅಪ್ಪ ಕುಡಿಯಲಿಲ್ಲ. ರುಮಾಲು ಗಿರಣಿಯ ಮೆಟ್ಟಿಲ ಕೆಳಗೆ ಸಿಕ್ಕಿತು, ನಾನೇ ಝಾಡಿಸಿ ಕೊಟ್ಟೆ. ಅವನಿಗೆ ಸುತ್ತಿಕೊಳ್ಳಲು ಬರಲಿಲ್ಲ, ನಾನೇ ಸುತ್ತಿದೆ.

ಅಷ್ಟರಲ್ಲಿ ಒಬ್ಬ ಹುಡುಗ, ಮುಖ ನೋಡಿದರೆ ಕಾಲೇಜಿಗೆ ಹೋಗುವವನು, ಮತ್ತೆ ಫೋನು ತೆಗೆದ. “ಅಜ್ಜಾ, ಈ ಕಡೆ ನೋಡು. ಇಂವಾ ಕಳ್ಳ ಅಲ್ಲ ಅಂತ ಹಾಕಿಬಿಡ್ತೀನಿ. ಎಲ್ಲಾ ಗ್ರೂಪಿಗೂ.”

“ಬ್ಯಾಡಪಾ,” ಎಂದ ಅಪ್ಪ. ಅವತ್ತು ಊರ ಹೆಸರು ಬಿಟ್ಟು ಅವನಾಡಿದ ಮೊದಲ ಮಾತು ಅದು. ರುಮಾಲಿನ ತುದಿಯನ್ನು ಮುಖದ ಮೇಲೆ ಎಳೆದುಕೊಂಡ.

ನಾನು ಅವನ ಕೈ ಹಿಡಿದು ತುದಿ ಸರಿಸಿದೆ. “ತಗೀಲಿ ಬಿಡಪ್ಪಾ” ಎಂದೆ. ಮೊದಲಿನದು ಇನ್ನೆಷ್ಟು ಊರಿಗೆ ಹೋಗಿದೆಯೋ, ಅದರ ಬೆನ್ನಿಗೆ ಇದೊಂದಾದರೂ ಹೋಗದಿದ್ದರೆ ಮುಂದಿನ ಶನಿವಾರ ಇನ್ನೊಂದು ಗಿರಣಿ, ಇನ್ನೊಂದು ಗುಂಪು. ಬೇಡ ಎನ್ನುವ ಹಕ್ಕು ಅವನಿಗಿತ್ತು, ಹೆದರಿಕೆಗೆ ಅದನ್ನೂ ನಾನೇ ಕಿತ್ತುಕೊಂಡೆ. ಅಪ್ಪ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಫೋನಿನ ಕಡೆ ನೋಡುತ್ತ ಕೂತ. ಹುಡುಗ ಎರಡು ಸಲ ತೆಗೆದ, ಮೊದಲನೆಯದು ಸರಿ ಬರಲಿಲ್ಲವಂತೆ.

ಪೊಲೀಸರಿಗೂ ಗಂಡನಿಗೂ ಫೋನು ಮಾಡಿ ಊರ ಹೆಸರು ಹೇಳಿದೆ. ಆಮೇಲೆ ಪೊಲೀಸ್ ಗಾಡಿ ಬಂತು, ನನ್ನ ಗಂಡನೂ ಬಂದರು. ಠಾಣೆಯಲ್ಲಿ ನಮ್ಮನ್ನು ಕೂರಿಸಿ ಚಹಾ ಕೊಟ್ಟರು. ದೂರು ಯಾರ ಮೇಲೆ ಎಂದು ಕೇಳಿದರು. ಹೊಡೆದವನ ಮೇಲೆ ಅಪ್ಪ ಬೇಡವೆಂದ. ಫೋಟೋ ತೆಗೆದವನ ಮೇಲೆ ಎಂದೆ ನಾನು. ವಯಸ್ಸಾದ ಪೊಲೀಸರೊಬ್ಬರು ಸಮಾಧಾನದಿಂದ ಹೇಳಿದರು: “ಸುಳ್ಳು ಬರದು ಕಳಿಸಿದ್ದು ತಪ್ಪೈತ್ರಿ, ಅದನ್ನ ಹುಡುಕೋಣು. ಆದ್ರ ರಸ್ತಾದಾಗ ನಿಂತವರ ಫೋಟೋ ತಗಿಯೂದು ತಪ್ಪು ಅಂತ ಬರಕೊಳ್ಳಾಕ ಬರೂದಿಲ್ಲ. ರಸ್ತಾ ಎಲ್ಲಾರದ್ದಲ್ರೀ.”

ರಸ್ತೆ ಎಲ್ಲರದು, ಒಪ್ಪಿದೆ. ಹಳ್ಳಿಯಲ್ಲಿ ಹುಟ್ಟಿದವಳಿಗೆ ಯಾರೂ ನೋಡದ ಜಾಗ ಯಾವುದಿದೆ? ಕಟ್ಟೆಯ ಮೇಲೆ ಕೂತವರು ನಾನು ಯಾವ ಸೀರೆ ಉಟ್ಟೆ, ಯಾವ ಬಸ್ಸಿಗೆ ಬಂದೆ ಎಲ್ಲ ನೋಡುತ್ತಾರೆ, ಅದರ ಮೇಲೆ ನಾಲ್ಕು ಮಾತೂ ಆಡುತ್ತಾರೆ. ಆದರೆ ಆ ಕಣ್ಣುಗಳಿಗೆ ನಾನು ಯಾರ ಮಗಳೆಂದು ಗೊತ್ತು, ಅವರು ಯಾರೆಂದು ನನಗೂ ಗೊತ್ತು. ಎದುರಿಗೆ ಹೋಗಿ ಜಗಳ ತೆಗೆಯಬಹುದು, ತೆಗೆದಿದ್ದೇನೆ ಕೂಡ. ಬಸ್ಸಿಗೆ ನಿಂತು ನಮ್ಮಪ್ಪನನ್ನು ಫೋನಿನಲ್ಲಿ ಹಿಡಿದುಕೊಂಡು ಹೋದವನ ಜೊತೆ ಎಲ್ಲಿ ಹೋಗಿ ಜಗಳಾಡಲಿ? ಶಾಲೆಯಲ್ಲಿ ನಾವೂ ದಿನಾ ಮಕ್ಕಳು ಮೊಟ್ಟೆ ತಿನ್ನುವ ಫೋಟೋ ತೆಗೆದು ಮೇಲಿನವರಿಗೆ ಕಳಿಸುತ್ತೇವೆ. ಈಗ ಆ ಹೊತ್ತಿಗೆ ಒಬ್ಬ ಹುಡುಗ ತಟ್ಟೆಯನ್ನು ಮುಖಕ್ಕೆ ಹಿಡಿದರೂ ನಾನು ತೆಗೆಯುವುದಿಲ್ಲ, ಹೆಡ್ ಮಾಸ್ತರರು ಬೈದರೂ ಸರಿ.

ಎರಡೂ ಫೋಟೋ ಈಗಲೂ ತಿರುಗುತ್ತಿವೆ. ಯಾವ ಊರಿಗೆ ಯಾವುದು ಮೊದಲು ಮುಟ್ಟಿತು ಎಂದು ಯಾರು ಬಲ್ಲರು? ಆಳಂದದ ಕಡೆ ಇರುವ ನಮ್ಮ ದೂರದ ನೆಂಟರಿಗೆ ಹೋದ ತಿಂಗಳು ಮೊದಲನೆಯದೇ ಬಂದಿತ್ತು. ಅಪ್ಪ ಮನೆಯಲ್ಲಿ ಕೂರುವ ಮನುಷ್ಯನಲ್ಲ. ಕೆಲವು ವಾರ ಬಿಟ್ಟು ಮತ್ತೆ ಹೊರಟ. ಈಗ ಬಾಗಿಲಿಗೆ ಹೆಂಗಸರೇ ಬಂದರೆ ಮಾತ್ರ ಚೀಲ ಬಿಚ್ಚುತ್ತಾನಂತೆ. ಫುಗ್ಗಾ ಒಯ್ಯುವುದನ್ನು ಬಿಟ್ಟಿದ್ದಾನೆ. ಅವನು ಹೊರಟ ದಿನ, ಮೊಪೆಡ್ ಸಪ್ಪಳ ತಿರುಗಿ ಓಣಿಗೆ ಬರುವ ತನಕ ಅವ್ವ ಬಾಗಿಲಲ್ಲೇ ಇರುತ್ತಾಳೆ, ನಾನು ಪಾಠದ ನಡುವೆ ಫೋನು ನೋಡುತ್ತೇನೆ.

ಮೊನ್ನೆ ಕಲಘಟಗಿ ಸಂತೆಗೆ ಎಲ್ಲರೂ ಹೋಗಿದ್ದೆವು. ಮಗಳನ್ನು ಅಪ್ಪನ ಹತ್ತಿರ ನಿಲ್ಲಿಸಿ ನಾನು ಉಳ್ಳಾಗಡ್ಡಿ ಆರಿಸಲು ಹೋದೆ. ಗದ್ದಲ ಬಹಳವಿತ್ತು. ತಿರುಗಿ ನೋಡಿದರೆ ಐದಾರು ಮಂದಿ ಗುಂಪುಗೂಡಿದ್ದರು. ಓಡಿದೆ. ನಾನು ಕಾಣಿಸದ್ದಕ್ಕೆ ಮಗಳು ಜೋರಾಗಿ ಅಳುತ್ತಿದ್ದಳು, ಎತ್ತಿಕೋ ಎಂದು ಅಪ್ಪನತ್ತ ಎರಡೂ ಕೈ ಚಾಚಿದ್ದಳು. ಅಪ್ಪ ಅವಳಿಂದ ಎರಡು ಮಾರು ದೂರ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. “ನನ್ನ ಮೊಮ್ಮಗಳರಿ, ಮಗಳ ಮಗಳು, ಅವರವ್ವ ಇಲ್ಲೇ ಅದಾಳರಿ,” ಎಂದು ಕೇಳದವರಿಗೂ ಹೇಳುತ್ತಿದ್ದ.

ಮಗಳನ್ನು ಎತ್ತಿಕೊಂಡು ಅವನ ಮೇಲೆ ರೇಗಿದೆ. “ಕೂಸು ಅಷ್ಟು ಅಳಾಕತ್ತೇತಿ, ಎತ್ತಿಕೊಳ್ಳಾಕ ಏನಾಗಿತ್ತು ನಿನಗ?”

ಅಪ್ಪ ಸುತ್ತ ಒಮ್ಮೆ ನೋಡಿದ, ಕೈ ಇನ್ನೂ ಹಿಂದೆಯೇ ಇದ್ದವು.

“ಅಳಾಕತ್ತಿತ್ತಲ್ಲವಾ,” ಎಂದ. “ಅಳೂ ಕೂಸಿನ್ನ ನಾ ಎತ್ತಿಕೊಂಡ್ರ ಹೆಂಗ ಕಾಣತೈತಿ?”